ನಮ್ಮೂರ ಪ್ರಶ್ನೆಗೂ ಜಾಹೀರಾತಿನ ಬೆಲೆ ಇದೆ

ಡಿಗ್ರಿ ಮುಗಿಸಿ ನೇಮಕಾತಿ ಅಧಿಸೂಚನೆಗೆ ಕಾಯುತ್ತಿರುವ ನಮ್ಮಲ್ಲಿ ಅನೇಕರಿಗೆ ವೆಬ್‌ಸೈಟ್ ಮಾಡಿ ಜಾಹೀರಾತಿನಿಂದ ನಾಲ್ಕು ಕಾಸು ಸಂಪಾದಿಸುವ ಆಸೆ. ಆದರೆ ಹೆಚ್ಚಿನವರು ಬರೆಯುವುದು ಒಂದೇ: ಉದ್ಯೋಗ ಸುದ್ದಿ, ಸಿನಿಮಾ ಗಾಸಿಪ್, ಮೊಬೈಲ್ ಬೆಲೆ. ಅಲ್ಲಿ ಆಗಲೇ ಉದ್ದದ ಸಾಲಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರಾದ ನಮಗೆ ಬೇರೆ ವಿಷಯಗಳಿವೆ.

ಮೊದಲು ಹಣ ಬರುವ ದಾರಿ ತಿಳಿಯಬೇಕು. 2003ರಲ್ಲಿ ಶುರುವಾದ ಗೂಗಲ್ ಆಡ್‌ಸೆನ್ಸ್ ಈಗ ಕನ್ನಡ ಪುಟಗಳಿಗೂ ಜಾಹೀರಾತು ಕೊಡುತ್ತದೆ. ಪುಟ ತೆರೆದ ಕ್ಷಣದಲ್ಲೇ ಜಾಹೀರಾತುದಾರರ ನಡುವೆ ಹರಾಜು ನಡೆಯುತ್ತದೆ. ಪುಟದ ವಿಷಯ, ಓದುಗರ ಊರು, ಅವರ ಆಸಕ್ತಿ ನೋಡಿ ದರ ನಿಲ್ಲುತ್ತದೆ. ಏನನ್ನಾದರೂ ಕೊಳ್ಳಲು ಹೊರಟವರಿಗೆ ಬೆಲೆ ಹೆಚ್ಚು, ಕಾಲ ಕಳೆಯಲು ಬಂದವರಿಗೆ ಕಡಿಮೆ. ಸಾಲ, ವಿಮೆಗೆ ಒಳ್ಳೆಯ ದರವಿದೆ, ನಿಜ. ಆದರೆ ಬ್ಯಾಂಕ್‌ಗಳ ವೆಬ್‌ಸೈಟ್‌ಗಳನ್ನು ದಾಟಿ ನಮ್ಮ ಪುಟ ಮೇಲೆ ಬರುವುದು ಕಷ್ಟ.

ನಾಗಮಂಗಲ, ಕೆ.ಆರ್. ಪೇಟೆ ಕಡೆ ತೆಂಗಿನ ತೋಟಗಳಿವೆ. ಗರಿಗೆ ಕಪ್ಪುತಲೆ ಹುಳು ಬಿದ್ದ ರೈತ, ಬೋರ್‌ವೆಲ್‌ಗೆ ಎಷ್ಟು ಎಚ್‌.ಪಿ. ಮೋಟಾರ್ ಬೇಕೆಂದು ಯೋಚಿಸುವ ರೈತ ಮೊಬೈಲ್‌ನಲ್ಲೇ ಉತ್ತರ ಹುಡುಕುತ್ತಾನೆ. ಇವತ್ತಲ್ಲ ನಾಳೆ ಅವನು ಅಂಗಡಿಗೆ ಹೋಗುವವನೇ. ಪಂಪ್, ಹನಿ ನೀರಾವರಿ ಪೈಪ್ ಮಾರುವವರಿಗೆ ಬೇಕಾದ ಗಿರಾಕಿ ಅವನು. ವಿಶ್ವೇಶ್ವರಯ್ಯ ನಾಲೆಯ ನೀರಿರುವ ಪಾಂಡವಪುರ ಕಡೆಯ ಕಬ್ಬು, ಆಲೆಮನೆ ಬೆಲ್ಲವೂ ಇಂಥದ್ದೇ ವಿಷಯ.

ಇನ್ನೊಂದು ವಿಷಯ ಪ್ರವಾಸ. ಶ್ರೀರಂಗಪಟ್ಟಣದ ರಂಗನತಿಟ್ಟಿಗೆ 2022ರಲ್ಲಿ ರಾಮ್‌ಸಾರ್ ಮಾನ್ಯತೆ ಸಿಕ್ಕಿದೆ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ಅಲ್ಲಿ ದೋಣಿ ವಿಹಾರ ನಿಲ್ಲಿಸುತ್ತಾರೆ. ಮೇಲುಕೋಟೆ ಬೆಟ್ಟದ ಮೆಟ್ಟಿಲುಗಳನ್ನು ವಯಸ್ಸಾದವರು ಹತ್ತಬಹುದೇ? ಹೊಸಹೊಳಲಿನ ಹೊಯ್ಸಳ ದೇವಾಲಯಕ್ಕೆ ಕೆ.ಆರ್. ಪೇಟೆಯಿಂದ ಹೇಗೆ ಹೋಗುವುದು? ಬೆಂಗಳೂರಿನಿಂದ ಹೊರಡುವವರಿಗೆ ಇವೆಲ್ಲ ಬೇಕು. ಅವರನ್ನು ತಲುಪಲು ಹೋಟೆಲ್, ಬಾಡಿಗೆ ಕಾರಿನವರು ಹಣ ಕೊಡುತ್ತಾರೆ.

ವಿಷಯ ಆರಿಸುವ ಮುನ್ನ ಗೂಗಲ್ ಟ್ರೆಂಡ್ಸ್, ಕೀವರ್ಡ್ ಪ್ಲಾನರ್ ನೋಡಿ. ಜನ ಎಷ್ಟು ಹುಡುಕುತ್ತಾರೆ, ಜಾಹೀರಾತುದಾರರು ಎಷ್ಟು ಕೊಡುತ್ತಾರೆ ಎಂಬ ಅಂದಾಜು ಸಿಗುತ್ತದೆ. ಜೊತೆಗೆ ಗೊಬ್ಬರದಂಗಡಿಯಲ್ಲಿ ಒಂದು ಗಂಟೆ ಕುಳಿತು ಜನ ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ. ಒಂದು ವಿಷಯಕ್ಕೆ 30 ಪ್ರಶ್ನೆ ಸಿಗದಿದ್ದರೆ ಅದನ್ನು ಬಿಡಿ. ಔಷಧಿಯ ಪ್ರಮಾಣವನ್ನು ಮಾತ್ರ ಊಹಿಸಿ ಬರೆಯಬೇಡಿ. ರೈತ ಸಂಪರ್ಕ ಕೇಂದ್ರದಲ್ಲೋ ಮಂಡ್ಯದ ವಿ.ಸಿ. ಫಾರಂನಲ್ಲೋ ಕೇಳಿ. ನಮ್ಮ ಒಂದು ತಪ್ಪು ಸಾಲು ಇನ್ನೊಬ್ಬರ ಬೆಳೆ ಹಾಳುಮಾಡಬಹುದು.

ಲೆಕ್ಕವೂ ಗೊತ್ತಿರಲಿ. ಸಾವಿರ ವೀಕ್ಷಣೆಗೆ 60 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 500 ವೀಕ್ಷಣೆ ಬಂದರೆ ತಿಂಗಳಿಗೆ 900 ರೂಪಾಯಿ. 100 ಡಾಲರ್ ಆಗುವವರೆಗೆ ಆಡ್‌ಸೆನ್ಸ್ ಹಣ ಕಳಿಸುವುದಿಲ್ಲ. ಡಾಲರ್‌ಗೆ 85 ರೂಪಾಯಿ ಹಿಡಿದರೂ ಮೊದಲ ಪಾವತಿಗೆ ಒಂಬತ್ತು ತಿಂಗಳು ದಾಟುತ್ತದೆ. ಬೇಗ ಆಗಲೆಂದು ನಮ್ಮ ಪುಟದ ಜಾಹೀರಾತನ್ನು ನಾವೇ ಒತ್ತಿದರೆ ಖಾತೆಯೇ ರದ್ದಾಗಬಹುದು. ‘ತಿಂಗಳಿಗೆ ಲಕ್ಷ’ ಎಂದು ಕೋರ್ಸ್ ಮಾರುವವರಿಗೆ ಮನೆಯವರ ದುಡ್ಡು ಕೊಡುವ ಮುನ್ನ ಈ ಲೆಕ್ಕ ಹಾಕಿ. ಪರೀಕ್ಷೆಯ ಓದು ಬಿಡದೆ, ವಾರಕ್ಕೆ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ಬರೆಯುತ್ತಾ ಹೋದರೆ ಸಾಕು. ವರ್ಷಕ್ಕೆ ನೂರು ಪುಟಗಳಾಗುತ್ತವೆ.