ಮನೆಯ ಮಕ್ಕಳೂ ಮನೆಯ ನಾಯಿಯೂ

ಕಾಫಿಯ ಕಸಿ, ಅಡಿಕೆಯ ಕೊಳೆರೋಗ, ಗೊಬ್ಬರದ ಹಂಚಿಕೆ ಇವುಗಳ ವಿಷಯವನ್ನೇ ಬರೆಯುತ್ತ ಬಂದಿರುವ ಈ ಪುಟಗಳಲ್ಲಿ ನಾಯಿಯ ಮಾತೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ನಮ್ಮ ಸದಸ್ಯರಲ್ಲಿ ನಾಯಿ ಸಾಕದವರು ಬಹಳ ಕಡಿಮೆ. ತೋಟದ ಮನೆ ಎಂದರೆ ಒಂಟಿ ಮನೆ. ಕಣದಲ್ಲಿ ಕಾಫಿ ಹರಡಿರುತ್ತದೆ, ಚಪ್ಪರದಲ್ಲಿ ಅಡಿಕೆ ಒಣಗುತ್ತಿರುತ್ತದೆ, ರಾತ್ರಿ ಹಂದಿಯೂ ಬರುತ್ತದೆ, ಕಳ್ಳನೂ ಬರುತ್ತಾನೆ. ನಾಯಿ ಇಲ್ಲದೆ ನಡೆಯದು. ಅದೇ ಅಂಗಳದಲ್ಲಿ ನಮ್ಮ ಮಕ್ಕಳೂ ಮೊಮ್ಮಕ್ಕಳೂ ಆಡಿಕೊಂಡಿರುತ್ತಾರೆ. ಇವರಿಬ್ಬರ ಸಹವಾಸ ಹೇಗಿರಬೇಕೆಂದು ನಾವು ಯಾರೂ ಕೂತು ಯೋಚಿಸಿದವರಲ್ಲ. ನಾವಂತೂ ಯೋಚಿಸಿರಲಿಲ್ಲ, ಅದರ ಫಲವನ್ನು ಕಳೆದ ವರ್ಷ ಉಂಡೆವು.

ಕಾಫಿ ಕೊಯ್ಲಿನ ಸಮಯ. ಮಗಳ ನಾಲ್ಕು ವರ್ಷದ ಹುಡುಗ ಬೆಂಗಳೂರಿನಿಂದ ಬಂದಿದ್ದ. ನಮ್ಮ ಕರಿಯ ಒಂಬತ್ತು ವರ್ಷದ ನಾಟಿ ನಾಯಿ, ಕೊಟ್ಟಿಗೆಯಲ್ಲೇ ಹುಟ್ಟಿ ಬೆಳೆದದ್ದು, ಅಲ್ಲಿಯವರೆಗೆ ಮನೆಯವರಿಗೆ ಹಲ್ಲು ತಾಗಿಸಿದ್ದಿಲ್ಲ. ಬಂದ ಮಾರನೆಯ ದಿನ ಹುಡುಗ ಅದರ ಬಾಲ ಎಳೆದ. ಕರಿಯ ಗುರ್ ಎಂದಿತು. ಮಗುವಿಗೆ ಗುರುಗುಟ್ಟುತ್ತದೆಯೇ ಎಂದು ನಾವು ಕೋಲು ತೆಗೆದುಕೊಂಡು ನಾಯಿಗೆ ಎರಡು ಬಿಟ್ಟೆವು. ಮೂರನೆಯ ದಿನ ಅಡಿಗೆಮನೆಯ ಹಿಂದೆ ನಾಯಿ ಅನ್ನ ತಿನ್ನುತ್ತಿದ್ದಾಗ ಹುಡುಗ ಹಿಂದಿನಿಂದ ಹೋಗಿ ಕುತ್ತಿಗೆ ತಬ್ಬಿಕೊಂಡ. ಈ ಸಲ ಗುರ್ ಎನ್ನಲಿಲ್ಲ. ನೇರವಾಗಿ ಕೆನ್ನೆಗೇ ಬಾಯಿ ಹಾಕಿತು.

ಆಮೇಲೆ ತಿಳಿದದ್ದು, ಕರಿಯನ ಒಂದು ಕಿವಿಯೊಳಗೆ ಹುಣ್ಣಾಗಿ ಕೀವು ತುಂಬಿತ್ತು. ಹತ್ತಾರು ದಿನಗಳಿಂದ ತಲೆ ಕೊಡವುತ್ತಿದ್ದುದನ್ನು ಕಂಡೂ ಕಾಣದಂತಿದ್ದೆವು. ನೋವಿರುವ ನಾಯಿ, ಎದುರಿಗೆ ಅನ್ನ, ಹಿಂದಿನಿಂದ ಅಪ್ಪುಗೆ. ಗುರುಗುಟ್ಟಿದರೆ ಪೆಟ್ಟು ಬೀಳುತ್ತದೆಂದು ನಾವೇ ಎರಡು ದಿನದ ಹಿಂದೆ ಕಲಿಸಿಕೊಟ್ಟಿದ್ದೆವು. ಗುರುಗುಟ್ಟುವುದು ನಾಯಿಯ ನೋಟೀಸು. ನೋಟೀಸು ಕೊಟ್ಟದ್ದಕ್ಕೆ ಹೊಡೆದರೆ ಅದು ಮುಂದಿನ ಸಲ ನೋಟೀಸಿಲ್ಲದೆಯೇ ಜಪ್ತಿಗೆ ಬರುತ್ತದೆ. ಆದಕಾರಣ ನಾಯಿ ಗುರ್ ಎಂದರೆ ಮಾಡಬೇಕಾದದ್ದು ಮಗುವನ್ನು ಅಲ್ಲಿಂದ ಎತ್ತಿಕೊಳ್ಳುವುದು. ನಾಯಿಗೆ ಏನಾಗಿದೆ ಎಂದು ನೋಡುವುದು.

ಗುರುಗುಟ್ಟುವುದಕ್ಕೂ ಮೊದಲೇ ನಾಯಿ ಬೇರೆ ರೀತಿಯಲ್ಲಿ ಹೇಳಿರುತ್ತದೆ. ಮಗು ಹತ್ತಿರ ಬಂದಾಗ ಮುಖ ಆಚೆ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ, ಎದ್ದು ಬೇರೆ ಕಡೆ ಹೋಗಿ ಮಲಗುತ್ತದೆ. ಮೈ ಮರದ ಹಾಗೆ ಬಿಗಿಯಾಗಿ ನಿಂತಿತೆಂದರೆ ಇನ್ನು ಸಮಯವಿಲ್ಲವೆಂದು ತಿಳಿಯತಕ್ಕದ್ದು. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಪ್ರೀತಿ ಎಂದು ನಂಬಬಾರದು. ಮಕ್ಕಳಿಗೆ ಇವೆಲ್ಲ ತಿಳಿಯುವುದಿಲ್ಲ. ಹಲ್ಲು ಬಿಟ್ಟ ನಾಯಿಯನ್ನು ಸಣ್ಣ ಮಕ್ಕಳು ನಗುತ್ತಿದೆ ಎಂದುಕೊಳ್ಳುವುದೂ ಉಂಟು. ಎಳೆಯ ಮಕ್ಕಳ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುವುದರಿಂದ ಅವರಿಗೆ ಪೆಟ್ಟು ಬೀಳುವುದು ಮುಖ ಕುತ್ತಿಗೆಗಳಿಗೆ.

ಆರೇಳು ವರ್ಷದೊಳಗಿನ ಮಗುವನ್ನೂ ನಾಯಿಯನ್ನೂ ದೊಡ್ಡವರಿಲ್ಲದೆ ಒಂದೇ ಕಡೆ ಬಿಡಲೇಬಾರದು. ನಾಯಿ ಎಷ್ಟೇ ಸಾಧುವಾಗಿರಲಿ, ಇದರಲ್ಲಿ ರಿಯಾಯಿತಿ ಬೇಡ. ನಾಯಿ ತಿನ್ನುವಾಗ, ಮಲಗಿರುವಾಗ, ಮರಿ ಹಾಕಿರುವಾಗ ಹತ್ತಿರ ಸುಳಿಯಬಾರದೆಂದು ಮಕ್ಕಳಿಗೆ ದಿನವೂ ಹೇಳಬೇಕು. ನಾಯಿಗೆ ಅನ್ನ ಹಾಕುವ ಜಾಗ ಮಕ್ಕಳು ಓಡಾಡುವ ದಾರಿಯಲ್ಲಿರಬಾರದು. ತಬ್ಬಿಕೊಳ್ಳುವುದು, ಮುಖಕ್ಕೆ ಮುಖ ತಾಗಿಸುವುದು, ಮೇಲೆ ಹತ್ತುವುದು ನಮಗೆ ಮುದ್ದಾಗಿ ಕಾಣುತ್ತದೆ. ನಾಯಿಗಳಲ್ಲಿ ಹೆಚ್ಚಿನವಕ್ಕೆ ಅದು ಸೇರದು. ಮುಟ್ಟಬೇಕೆಂದಿದ್ದರೆ ಕರೆದು, ತಾನಾಗಿ ಬಂದರೆ, ಎದೆಯ ಬಳಿ ಅಥವಾ ಪಕ್ಕೆಯನ್ನು ಸವರಲಿ. ಬೇರೆಯವರ ನಾಯಿ ಎದುರಾದರೆ ಓಡಬಾರದು, ಕಿರುಚಬಾರದು. ಕೈ ಮಡಚಿಕೊಂಡು ನೆಲ ನೋಡುತ್ತ ಕಂಬದ ಹಾಗೆ ನಿಲ್ಲಬೇಕು. ಬಿದ್ದರೆ ಮುದುರಿಕೊಂಡು ಕುತ್ತಿಗೆ ಕಿವಿಗಳನ್ನು ಕೈಯಿಂದ ಮುಚ್ಚಿಕೊಳ್ಳಬೇಕು. ನಮ್ಮ ಹುಡುಗನಿಗೆ ಇದನ್ನು ಆಟದ ಹಾಗೆ ಕಲಿಸಿದೆವು. ಈಗ ಅವನೇ ಬೇರೆ ಮಕ್ಕಳಿಗೆ ಕಲಿಸುತ್ತಾನೆ.

ಬಾಣಂತಿ ಮನೆಗೆ ಬರುವಾಗಲೂ ಎಚ್ಚರ ಬೇಕು. ಅದುವರೆಗೆ ಜಗಲಿಯ ಮೇಲೆ ಮಲಗುತ್ತಿದ್ದ ನಾಯಿಯನ್ನು ಮಗು ಬಂದ ದಿನವೇ ಹೊರಗೆ ಕಟ್ಟಿದರೆ ಅದರ ಪಾಲಿಗೆ ಮಗುವೇ ಶನಿ. ಬದಲಾಯಿಸುವುದಿದ್ದರೆ ಒಂದೆರಡು ತಿಂಗಳು ಮೊದಲೇ ಬದಲಾಯಿಸಬೇಕು. ಮಗುವಿನ ಬಟ್ಟೆಯ ವಾಸನೆ ಮೊದಲು ತೋರಿಸಿ, ಆಮೇಲೆ ದೂರದಿಂದ ಮಗುವನ್ನು ತೋರಿಸಿದರೆ ಸಾಕು. ತೊಟ್ಟಿಲಿರುವ ಕೋಣೆಗೆ ನಾಯಿಗೆ ಪ್ರವೇಶ ಬೇಡ.

ಇನ್ನು ನಮ್ಮ ಸೀಮೆಯ ಒಂದು ಹಳೆಯ ಪದ್ಧತಿ: ಹಗಲೆಲ್ಲ ಮೊಳದುದ್ದದ ಸರಪಳಿಯಲ್ಲಿ ಕಟ್ಟಿ ರಾತ್ರಿ ಬಿಡುವುದು. ನಾಯಿ ಜೋರಾಗಲಿ ಎಂಬುದು ಉದ್ದೇಶ. ಜೋರಾಗುವುದೂ ನಿಜ. ಕಟ್ಟಿದ ನಾಯಿಗೆ ಓಡಿಹೋಗುವ ದಾರಿಯಿಲ್ಲ. ಹೆದರಿದರೆ ಕಚ್ಚುವುದೊಂದೇ ಅದಕ್ಕೆ ಉಳಿಯುವ ದಾರಿ. ಕೊಯ್ಲಿನ ಕಾಲದಲ್ಲಿ ಹೊಸ ಆಳುಗಳು, ಅವರ ಮಕ್ಕಳು, ಅಡಿಕೆ ಸುಲಿಯಲು ಬರುವವರು ಎಂದು ಅಂಗಳ ತುಂಬ ಅಪರಿಚಿತರು. ಅನುಕೂಲವಿದ್ದವರು ತಂತಿಬಲೆ ಹಾಕಿ ಒಂದಿಷ್ಟು ಜಾಗ ಬಿಟ್ಟುಕೊಟ್ಟರೆ ನಾಯಿಗೂ ನೆಮ್ಮದಿ, ಚಿರತೆಯ ಭಯವೂ ಕಡಿಮೆ. ಕೂಲಿ ಲೈನಿನ ಮಕ್ಕಳೂ ಮಕ್ಕಳೇ. ನಮ್ಮ ನಾಯಿ ಅವರನ್ನು ಕಚ್ಚಿದರೆ ಆಸ್ಪತ್ರೆಯ ಹೊಣೆ ನಮ್ಮದೇ. ಇದನ್ನು ಬರೆಯಬೇಕಾಗಿ ಬಂದದ್ದೇ ನಾಚಿಕೆಯ ವಿಷಯ.

ಈಗ ಕಚ್ಚಿದ ಮೇಲಿನ ಮಾತು. ಹುಚ್ಚುನಾಯಿ ರೋಗದ ವಿಷಾಣು ಜೊಲ್ಲಿನಲ್ಲಿರುತ್ತದೆ, ಗಾಯದಿಂದ ನರದ ದಾರಿ ಹಿಡಿದು ಮಿದುಳಿಗೆ ಹೋಗುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆಂದೇ ಹೇಳಬೇಕು. ಲಕ್ಷಣಕ್ಕೆ ಮೊದಲು ಸರಿಯಾಗಿ ಚಿಕಿತ್ಸೆ ಕೊಡಿಸಿದರೆ ಉಳಿಸಬಹುದು. ಸಂಶಯದ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಗಾಯವನ್ನು ಆ ಕ್ಷಣದಲ್ಲೇ ಸೋಪು ಹಾಕಿ, ಹರಿಯುವ ನೀರಿನಲ್ಲಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಬೇಕು. ಮಗು ಅಳುತ್ತದೆಂದು ಮೂರು ನಿಮಿಷಕ್ಕೆ ಬಿಡಬಾರದು. ಸುಣ್ಣ, ಅರಸಿನ, ಮೆಣಸಿನ ಪುಡಿ ಯಾವುದನ್ನೂ ಮೆತ್ತಬಾರದು. ಗಾಯಕ್ಕೆ ಕಾಫಿಪುಡಿ ತುಂಬುವವರೂ ನಮ್ಮಲ್ಲಿದ್ದಾರೆ. ಪುಡಿ ಲೋಟಕ್ಕೆ, ಗಾಯಕ್ಕಲ್ಲ. ತೊಳೆದು ನೇರ ಆಸ್ಪತ್ರೆಗೆ. ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬ ಹೆದರಿಕೆ ಹಿರಿಯರಲ್ಲಿ ಇನ್ನೂ ಉಳಿದಿದೆ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರಿಂದೀಚೆಗೆ ಬಳಕೆಯಲ್ಲಿಲ್ಲ. ಈಗ ತೋಳಿಗೆ, ಎಳೆಯ ಮಕ್ಕಳಿಗಾದರೆ ತೊಡೆಗೆ. ಸ್ನಾಯುವಿಗೆ ಹಾಕುವುದಾದರೆ ಮೊದಲ ದಿನವನ್ನು ಸೊನ್ನೆ ಎಂದು ಲೆಕ್ಕ ಹಿಡಿದು 0, 3, 7, 14, 28ನೆಯ ದಿನಗಳಲ್ಲಿ. ಚರ್ಮದೊಳಗೆ ಹಾಕುವ ಕ್ರಮದಲ್ಲಿ 0, 3, 7, 28ನೆಯ ದಿನಗಳಲ್ಲಿ. ಗಾಯ ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ಲಸಿಕೆಯ ಶಕ್ತಿ ಮೈಯಲ್ಲಿ ಹುಟ್ಟಲು ದಿನಗಳು ಬೇಕಾಗುವುದರಿಂದ ಅದುವರೆಗೆ ಕಾಯುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನು ಗಾಯದ ಒಳಗೇ ಸುತ್ತ ಚುಚ್ಚಬೇಕು. ಇದನ್ನು ಕೇಳಿ ಪಡೆಯಬೇಕು. ನಾವು ಮೊದಲು ಹೋದ ಆಸ್ಪತ್ರೆಯಲ್ಲಿ ಲಸಿಕೆ ಇತ್ತು, ಈ ಔಷಧ ಇರಲಿಲ್ಲ. ರಾತ್ರಿಯಲ್ಲಿ ಎರಡೂವರೆ ಗಂಟೆ ಘಾಟಿ ರಸ್ತೆಯಲ್ಲಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಹೋದೆವು. ಎಲ್ಲಿ ಸಿಗುತ್ತದೆಂದು ಬೇಕಾಗುವ ಮೊದಲೇ ವಿಚಾರಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮನೆಗೆ ಬಂದಾಗ ರೈಟರು ಕೋವಿ ತೆಗೆದಿಟ್ಟಿದ್ದರು. ವೈದ್ಯರು ಬೇಡವೆಂದಿದ್ದರು. ಕಚ್ಚಿದ ನಾಯಿಯನ್ನು ಕೊಲ್ಲದೆ, ಓಡಿಸದೆ, ಕಟ್ಟಿ ಹಾಕಿ ಹತ್ತು ದಿನ ನೋಡಬೇಕು. ಅಷ್ಟರಲ್ಲಿ ಆರೋಗ್ಯವಾಗಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವಿಷಾಣು ಇರಲಿಲ್ಲವೆಂದು ಅರ್ಥ. ಹಾಗೆಂದು ಹತ್ತು ದಿನ ಕಾದು ಆಮೇಲೆ ಚಿಕಿತ್ಸೆ ಎನ್ನುವಂತಿಲ್ಲ, ಚಿಕಿತ್ಸೆ ಅಂದೇ ಶುರುವಾಗಬೇಕು. ಕರಿಯನಿಗೆ ಲಸಿಕೆ ಹಾಕಿಸಿ ಎರಡು ವರ್ಷ ದಾಟಿತ್ತು. ಸಾಲದ ಕಂತಿನ ವಾಯಿದೆಯನ್ನು ಸದಸ್ಯರಿಗೆಲ್ಲ ನೆನಪಿಸುವ ಕಾರ್ಯದರ್ಶಿಗೆ ತನ್ನ ನಾಯಿಯ ವಾಯಿದೆ ನೆನಪಿರಲಿಲ್ಲ. ಆ ಹತ್ತು ದಿನ ಬೆಳಗಿನ ಜಾವ ಎದ್ದು ಲಾಟೀನು ಹಿಡಿದು ಮೊದಲು ಹೋಗುತ್ತಿದ್ದುದು ನಾಯಿಯ ಬಳಿಗೆ, ನೀರು ಕುಡಿಯಿತೇ ಎಂದು ನೋಡಲು. ಕುಡಿಯಿತು. ಹನ್ನೊಂದನೆಯ ದಿನ ಮನೆಯವರು ಅದಕ್ಕೆ ಬೆಲ್ಲದ ರೊಟ್ಟಿ ಹಾಕಿದರು. ಹುಡುಗನ ಕೆನ್ನೆಯಲ್ಲಿ ಸಣ್ಣ ಗೀರು ಉಳಿದಿದೆ.

ಮರಿಗಳ ವಿಷಯದಲ್ಲಿ ಒಂದು ಮಾತು. ಮರಿ ಕಚ್ಚಿದರೆ ಏನೂ ಆಗದೆಂಬುದು ತಪ್ಪು. ಎಳೆಯ ಮರಿಗೂ ಹುಚ್ಚು ಬರುತ್ತದೆ, ಲಸಿಕೆಯ ವಯಸ್ಸಾಗದ ಮರಿಗೆ ರಕ್ಷಣೆಯೂ ಇಲ್ಲ. ದಾರಿಯಲ್ಲಿ ಸಿಕ್ಕ ಮರಿಯನ್ನು ಮಕ್ಕಳು ಎತ್ತಿ ತಂದು, ಅದು ಪರಚಿದರೆ ಬೈಯುತ್ತಾರೆಂದು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಗಾಯವೇ ಎಲ್ಲಕ್ಕಿಂತ ಅಪಾಯದ್ದು. ಹೇಳಿದರೆ ಬೈಯುವುದಿಲ್ಲವೆಂಬ ಭರವಸೆ ಮಕ್ಕಳಿಗೆ ಇರಬೇಕು, ಬೈಯಲೂಬಾರದು.

ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಪಶುವೈದ್ಯರು ಹೇಳಿದ ದಿನ ಮತ್ತೊಂದು, ಆಮೇಲೆ ವರ್ಷಕ್ಕೊಮ್ಮೆ. ಮರಿಗಳ ಹೊಟ್ಟೆಯಲ್ಲಿ ಹುಟ್ಟುವಾಗಲೇ ದುಂಡುಹುಳು ಇರುವುದುಂಟು. ಎರಡು ವಾರದಿಂದಲೇ ಜಂತಿನ ಔಷಧ ಶುರು ಮಾಡಬೇಕು, ಇಲ್ಲವಾದರೆ ಅಂಗಳದ ಮಣ್ಣಿನಿಂದ ಅದರ ಮೊಟ್ಟೆ ಮಕ್ಕಳ ಬಾಯಿಗೆ ಹೋಗುತ್ತದೆ. ಕುರಿ, ಹಂದಿ ಕಡಿದಾಗ ಹಸಿ ಕರುಳು ಈಲಿಗಳನ್ನು ನಾಯಿಗೆ ಎಸೆಯಬಾರದು. ಕಾಡು ಸುತ್ತಿ ಬಂದ ನಾಯಿಯ ಮೈಯ ಉಣುಗನ್ನು ದೊಡ್ಡವರೇ ನೋಡಿ ತೆಗೆಯಬೇಕು, ಬರಿಗೈಯಲ್ಲಿ ಹಿಚುಕಬಾರದು. ಮಂಗನ ಕಾಯಿಲೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಯ್ಲು ಶುರುವಾಗುವ ಮೊದಲು ಪಶುವೈದ್ಯರನ್ನು ಒಂದು ದಿನ ಸಂಘದ ಗೋದಾಮಿಗೆ ಕರೆಸುವ ಆಲೋಚನೆಯಿದೆ. ಲಸಿಕೆ ಹಾಕಿಸಬೇಕಾದ ನಾಯಿಗಳ ಸಂಖ್ಯೆಯನ್ನು, ಲೈನಿನ ನಾಯಿಗಳನ್ನೂ ಸೇರಿಸಿ, ಗೊಬ್ಬರಕ್ಕೆ ಬಂದಾಗ ಗುಮಾಸ್ತರಲ್ಲಿ ಬರೆಸಬೇಕಾಗಿ ಕೋರಿದೆ. ಕರಿಯನ ಹೆಸರನ್ನು ಮೊದಲನೆಯದಾಗಿ ನಾವೇ ಬರೆಸಿದ್ದೇವೆ.