ಘಾಟಿ ಬಂದ್ ಆಗಿದೆ, ಸ್ವಾಮಿ!

ಆರಿದ್ರಾ ಮಳೆ ಮುಗಿದು ಪುನರ್ವಸು ಕಾಲಿಡುವ ಹೊತ್ತಿಗೆ ಸಹ್ಯಾದ್ರಿಯ ಮೈಯೆಲ್ಲ ನೀರಾಗಿರುತ್ತದೆ. ಬೇಸಗೆಯಲ್ಲಿ ಬರಿಯ ಬಂಡೆಯಾಗಿ ನಿಂತಿದ್ದ ಗುಡ್ಡದ ನೆತ್ತಿಯಿಂದ ಹೆಸರಿಲ್ಲದ ನೂರು ಝರಿಗಳು ಧುಮುಕುತ್ತವೆ. ಶನಿವಾರ ಬೆಳಗಾಗುವುದೇ ತಡ, ಬೆಂಗಳೂರಿನಿಂದ ಹೊರಟ ಕಾರುಗಳ ಸಾಲು ಸಕಲೇಶಪುರ, ಚಿಕ್ಕಮಗಳೂರು, ಮಡಿಕೇರಿ, ತೀರ್ಥಹಳ್ಳಿಗಳ ಕಡೆ ಮುಖ ಮಾಡುತ್ತದೆ. ಮಲೆನಾಡನ್ನು ಮಳೆಯಲ್ಲಿಯೇ ನೋಡಬೇಕೆಂಬುದು ಬಲ್ಲವರ ಮಾತು, ಅದರಲ್ಲಿ ಸುಳ್ಳಿಲ್ಲ. ಸುಳ್ಳು ಇರುವುದು ದಾರಿಯ ಬದಿಯಲ್ಲಿ.

ತೀರ್ಥಹಳ್ಳಿಯಿಂದ ಆಗುಂಬೆಯ ಮಾರ್ಗ ಹಿಡಿದ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಹಿಂದಿನ ಸೀಟಿನಲ್ಲಿ ಮೊಣಕಾಲು ನೋವಿನ ಅಜ್ಜಿ. ಉಡುಪಿಯಲ್ಲಿ ಕೋಣೆ ಗೊತ್ತುಮಾಡಿ ಮುಂಗಡವನ್ನೂ ಕೊಟ್ಟಾಗಿದೆ. ಚಹಾ ಕುಡಿಯಲು ಕಾರು ನಿಲ್ಲಿಸಿದ ಕಡೆ, ರೇನ್‌ಕೋಟು ತೊಟ್ಟ ಒಬ್ಬಾತ ಕಿಟಕಿಗೆ ಬಗ್ಗುತ್ತಾನೆ.

“ಎಲ್ಲಿಗೆ ಹೊರಟಿರಿ ಸ್ವಾಮಿ?”

“ಉಡುಪಿಗೆ.”

“ಅಯ್ಯೋ ಮಾರಾಯ್ರೆ, ಘಾಟಿ ಬಂದ್ ಆಗಿದೆ! ಏಳನೇ ತಿರುವಿನಲ್ಲಿ ಗುಡ್ಡ ಜರಿದಿದೆ. ಈ ಮಳೆಯಲ್ಲಿ ಮಕ್ಕಳು, ವಯಸ್ಸಾದವರನ್ನು ಕರ್ಕೊಂಡು ಎಲ್ಲಿಗೆ ಅಂತ ಹೋಗ್ತೀರಿ? ಇಲ್ಲೇ ನಮ್ಮವರದ್ದೊಂದು ಹೋಂಸ್ಟೇ ಇದೆ. ಇವತ್ತೊಂದು ರಾತ್ರಿ ಇದ್ದುಬಿಡಿ.”

“ಬೇಡಪ್ಪಾ, ಅವರು ಹೇಳೋದೇ ಸರಿ,” ಎನ್ನುತ್ತಾರೆ ಅಜ್ಜಿ. ಅಲ್ಲಿಗೆ ವ್ಯವಹಾರ ಮುಗಿಯಿತು. ಸೋರುವ ಕೋಣೆಗೆ ಇಮ್ಮಡಿ ಬಾಡಿಗೆ, ತಣ್ಣಗಾದ ಊಟಕ್ಕೆ ಬೇರೆ ಲೆಕ್ಕ. ಮರುದಿನ ಬೆಳಿಗ್ಗೆ ಉಡುಪಿ ಕಡೆಯಿಂದ ಘಾಟಿ ಹತ್ತಿ ಬಂದ ಕಾರಿನವರನ್ನು ವಿಚಾರಿಸಿದರೆ, “ಗುಡ್ಡ ಜರಿದಿತ್ತೆ? ನಿನ್ನೆಯಿಂದ ಓಡಾಡುತ್ತಲೇ ಇದ್ದೇವಲ್ಲ!” ಎಂಬ ಉತ್ತರ.

ಈ ಸುಳ್ಳು ಡಿಸೆಂಬರಿನಲ್ಲಿ ನಡೆಯದು. ಆಷಾಢದಲ್ಲಿ ನಡೆಯುವುದೇಕೆಂದರೆ, ಆಗ ಅದು ಎಷ್ಟೋ ಸಲ ನಿಜವೂ ಆಗಿರುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ಮಾರ್ಗ ಅಲ್ಲಲ್ಲಿ ಕುಸಿದುಹೋಯಿತು. ಶಿರಾಡಿ ಘಾಟಿಯೂ ಮುಚ್ಚಿತು. ಮರುವರ್ಷದ ಆಗಸ್ಟ್‌ನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡವೇ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಇಳಿದು, ರಸ್ತೆಬದಿಯ ಚಹಾದಂಗಡಿಯನ್ನೂ ಅಲ್ಲಿದ್ದವರನ್ನೂ ಗಂಗಾವಳಿ ನದಿಗೆ ತಳ್ಳಿತು. ಅಲ್ಲಿ ಕೊಚ್ಚಿಹೋದ ಒಂದು ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಎರಡು ತಿಂಗಳಿಗೂ ಮೀರಿದ ಮೇಲೆ. ಹೀಗಿರುವಾಗ “ಘಾಟಿ ಬಂದ್” ಎಂದವನನ್ನು ಸುಳ್ಳುಗಾರನೆಂದು ಜರೆದು ಮುಂದಕ್ಕೆ ಹೋಗುವುದು ಜಾಣತನವಲ್ಲ. ನಂಬಿ ಕೆಟ್ಟರೆ ಹೋಗುವುದು ದುಡ್ಡು. ನಂಬದೆ ಕೆಟ್ಟರೆ ಹೋಗುವುದು ಜೀವ.

ಹಾಗಾದರೆ ನಿಜವನ್ನು ತಿಳಿಯುವುದೆಂತು? ಆ ಸುದ್ದಿಯಿಂದ ಯಾವ ಲಾಭವೂ ಇಲ್ಲದವನನ್ನು ಕೇಳಬೇಕು. ಕೋಣೆ ಬಾಡಿಗೆಗೆ ಕೊಡುವವನಿಗೂ ಜೀಪು ಓಡಿಸುವವನಿಗೂ ರಸ್ತೆ ಮುಚ್ಚಿದರೆ ಲಾಭ. ಸರ್ಕಾರಿ ಬಸ್ಸಿನ ಕಂಡಕ್ಟರಿಗೆ ಅದರಿಂದ ತಲೆನೋವು ಮಾತ್ರ. ಬಸ್ ನಿಲ್ದಾಣದ ಸಂಚಾರ ನಿಯಂತ್ರಕರ ಕಿಟಕಿಯಲ್ಲಿ ಕೇಳಿದರೆ ಬೆಳಗಿನಿಂದ ಯಾವ ಬಸ್ಸು ಇಳಿಯಿತು, ಯಾವುದು ಸುತ್ತಿಬಳಸಿ ಹೋಯಿತು ಎಂಬುದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಜಿಲ್ಲಾ ವಿಪತ್ತು ನಿರ್ವಹಣೆಯ 1077, ಪೊಲೀಸರ 112 ಇರುವುದೂ ಇಂಥ ಹೊತ್ತಿಗಾಗಿಯೇ.

ಬಸ್ಸಿನ ಪರೀಕ್ಷೆಗೂ ಒಂದು ತೊಡಕುಂಟು. ಹದಿನಾಲ್ಕು ಕಡಿದಾದ ತಿರುವುಗಳ ಆಗುಂಬೆ ಘಾಟಿಯಲ್ಲಿ ಮಳೆಗಾಲಕ್ಕೆ ಭಾರಿ ವಾಹನಗಳ ಸಂಚಾರ ನಿಷೇಧಿಸಿ ಜಿಲ್ಲಾಧಿಕಾರಿಗಳ ಆದೇಶ ಹಲವು ವರ್ಷ ಹೊರಟಿದೆ. ಕಾರುಗಳಿಗೆ ಅದು ಅನ್ವಯಿಸದೆ ಇದ್ದದ್ದೂ ಉಂಟು. ಪೂರ್ತಿ ಸುಳ್ಳಿಗಿಂತ ಅರ್ಧ ಸತ್ಯವೇ ಬೇಗ ಮಾರಾಟವಾಗುವ ಸರಕು. ಲಾರಿಗಳಿಗೆ ಹೊರಟ ಆದೇಶವನ್ನು ಎಲ್ಲರಿಗೂ ಹೊರಟ ಆದೇಶವೆಂದು ಹೇಳಿಬಿಟ್ಟರೆ ಕೆಲಸವಾಯಿತು. ಆದ್ದರಿಂದ ರಸ್ತೆ ಮುಚ್ಚಿದೆಯೇ ಎಂದಷ್ಟೇ ಕೇಳಿದರೆ ಸಾಲದು. ಯಾವ ವಾಹನಕ್ಕೆ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂಬುದನ್ನೂ ಕೇಳಬೇಕು.

ಇದೇ ಸುಳ್ಳಿನ ಅಣ್ಣ ದಿಲ್ಲಿಯಲ್ಲಿದ್ದಾನೆ. ಉತ್ತರದ ಯಾತ್ರೆಗೆಂದು ಹೊಸದಿಲ್ಲಿ ನಿಲ್ದಾಣದಲ್ಲಿ ಇಳಿದ ಕನ್ನಡಿಗರಿಗೆ ಆತನ ಪರಿಚಯವಾಗುವುದು ಪಹಾಡ್‌ಗಂಜ್ ಕಡೆಯ ಬಾಗಿಲಿನಲ್ಲಿ. “ನಿಮ್ಮ ಹೋಟೆಲಿನ ಬೀದಿಯಲ್ಲಿ ಸೊಂಟದುದ್ದ ನೀರು, ಸರ್ಕಾರಿ ಪ್ರವಾಸಿ ಕಚೇರಿಗೆ ಕರೆದೊಯ್ಯುತ್ತೇನೆ, ಬನ್ನಿ” ಎನ್ನುತ್ತಾನೆ. ಜೋರು ಮಳೆಗೆ ಮಿಂಟೋ ಸೇತುವೆಯ ಕೆಳಗೆ ಬಸ್ಸೇ ಮುಳುಗಿದ ಚಿತ್ರವನ್ನು ಪತ್ರಿಕೆಯಲ್ಲಿ ಕಂಡವರು ನಂಬದೆ ಇರುವುದು ಹೇಗೆ? ಆತ ಒಯ್ಯುವ ಕಚೇರಿಯಲ್ಲಿ ರಾಷ್ಟ್ರಧ್ವಜವೂ ತಾಜಮಹಲಿನ ಚಿತ್ರವೂ ಇರುತ್ತವೆ. ಸರ್ಕಾರ ಮಾತ್ರ ಇರುವುದಿಲ್ಲ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ನಿಜವಾದ ಕಚೇರಿ ಇರುವುದು 88, ಜನಪಥದಲ್ಲಿ. ಅದು ದಾರಿಯಲ್ಲಿ ಆಳನ್ನು ನಿಲ್ಲಿಸಿ ಜನರನ್ನು ಕರೆಸುವುದಿಲ್ಲ. ಹೋಟೆಲಿಗೆ ತಾನೇ ಫೋನ್ ಮಾಡಿ ಕೇಳಿದರೆ ಸುಳ್ಳು ಅಲ್ಲಿಗೇ ಬಯಲಾಗುತ್ತದೆ. ಆತ ಡಯಲ್ ಮಾಡಿ ಕೊಟ್ಟ ಫೋನಿನಲ್ಲಿ ಮಾತ್ರ ಮಾತಾಡಬಾರದು; ಆ ತುದಿಯಲ್ಲಿರುವವನೂ ಆತನ ಪಾಲುದಾರನೇ.

ತೆರೆದ ದಾರಿಯನ್ನು ಮುಚ್ಚಿದೆಯೆನ್ನುವುದು ಒಂದು ಬಗೆ. ಮುಚ್ಚಿದ ದಾರಿಯನ್ನು ತೆರೆದಿದೆಯೆನ್ನುವುದು ಇನ್ನೊಂದು, ಮತ್ತು ಘೋರವಾದದ್ದು. ಮೊದಲನೆಯವನು ಜೇಬು ಕತ್ತರಿಸಿ ಸುಮ್ಮನಾಗುತ್ತಾನೆ. ಎರಡನೆಯವನು ಹಣ ಪಡೆದು ಅಪಾಯದ ಅಂಚಿನವರೆಗೆ ಕೈಹಿಡಿದು ನಡೆಸುತ್ತಾನೆ.

ದೂಧ್‌ಸಾಗರದ ಕಥೆಯನ್ನೇ ನೋಡಬಹುದು. ಕ್ಯಾಸಲ್‌ರಾಕ್ ಮತ್ತು ಕುಳೆಂ ನಡುವಿನ ರೈಲುಹಾದಿಯ ಮಗ್ಗುಲಲ್ಲಿ ಹಾಲಿನಂತೆ ಸುರಿಯುವ ಈ ಜಲಪಾತಕ್ಕೆ ಕುಳೆಂ ಕಡೆಯ ಜೀಪುಗಳು ಮಳೆಗಾಲದಲ್ಲಿ ನಿಂತುಬಿಡುತ್ತವೆ. ಆದರೂ ಜುಲೈ ಬಂದೊಡನೆ “ದೂಧ್‌ಸಾಗರ ಮಾನ್ಸೂನ್ ಚಾರಣ” ಎಂಬ ಬಣ್ಣದ ಜಾಹೀರಾತುಗಳು ಮೊಬೈಲಿನಲ್ಲಿ ತಲೆಯೆತ್ತುತ್ತವೆ. ತಲೆಗಿಷ್ಟು ಎಂದು ಹಣ ಪಡೆದು, ರಾತ್ರಿಯ ರೈಲಿಗೆ ಹತ್ತಿಸಿ, ಬೆಳಗಿನ ಜಾವದಲ್ಲಿ ಹಳಿಯ ಮೇಲೆ ನಡೆಸುವುದೇ ಅದರ ಮರ್ಮ. ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯಿದೆಯ 147ನೇ ಕಲಮಿನಂತೆ ಅಪರಾಧ. ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. 2023ರ ಜುಲೈನಲ್ಲಿ ಹಾಗೆ ನುಗ್ಗಿದವರನ್ನು ರೈಲ್ವೆ ಪೊಲೀಸರು ಹಳಿಯ ಬದಿಯಲ್ಲಿಯೇ ಸಾಲಾಗಿ ನಿಲ್ಲಿಸಿ ಬಸ್ಕಿ ಹೊಡೆಸಿದರು. ದೇಶವೆಲ್ಲ ಆ ಚಿತ್ರವನ್ನು ನೋಡಿ ನಕ್ಕಿತು. ಚಾರಣದ ಹಣ ಪಡೆದವರಲ್ಲಿ ಯಾರಾದರೂ ಆ ಸಾಲಿನಲ್ಲಿ ಬಸ್ಕಿ ಹೊಡೆದಿದ್ದರೆ ನಗುವುದಕ್ಕೆ ಇನ್ನೂ ಅರ್ಥವಿರುತ್ತಿತ್ತು.

ಅದೇ ತಿಂಗಳು ಕೊಲ್ಲೂರಿನ ಸಮೀಪದ ಅರಿಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ. ಶವ ಸಿಕ್ಕಲು ಒಂದು ವಾರವೇ ಹಿಡಿಯಿತು. “ಒಳದಾರಿ ತೋರಿಸುತ್ತೇನೆ, ಫಾರೆಸ್ಟಿನವರಿಗೆ ಗೊತ್ತಾಗುವುದಿಲ್ಲ” ಎಂಬವನ ಮಾತು ಕಿವಿಗೆ ಬಿದ್ದಾಗ ನೆನೆಯಬೇಕಾದದ್ದು ಇಂಥದನ್ನು. ಅರಣ್ಯ ಇಲಾಖೆ ಅನುಮತಿಸಿದ ಚಾರಣಗಳಿಗೆ ಚೀಟಿ ದೊರೆಯುವುದು ಇಲಾಖೆಯದೇ ‘ಅರಣ್ಯ ವಿಹಾರ’ ಜಾಲತಾಣದಲ್ಲಿ. ಅಲ್ಲಿ ಕಾಣದ ದಿನಕ್ಕೆ ಬೇರೊಬ್ಬ ಚೀಟಿ ಮಾರುತ್ತಿದ್ದರೆ ಅದು ಬರಿಯ ಕಾಗದ. ಕರಾವಳಿಯ ಮಾತೂ ಅಷ್ಟೇ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಮಳೆಗಾಲದಲ್ಲಿ ದಡ ಸೇರಿರುತ್ತವೆ. “ನಮ್ಮದೊಂದು ದೋಣಿ ಮಾತ್ರ ಹೋಗುತ್ತದೆ” ಎಂಬ ವಿಶೇಷ ಕೃಪೆಗೆ ದೂರದಿಂದಲೇ ಕೈಮುಗಿಯುವುದು ಮೇಲು.

ಇನ್ನು ಚಿಲ್ಲರೆ ಮೋಸಗಳು. ಇವುಗಳಿಗೆ ಮನೆಯ ಗೋಡೆಯ ಮೇಲಿನ ಪಂಚಾಂಗವೇ ಮದ್ದು. ಜುಲೈನಲ್ಲಿ ಆಗುಂಬೆಯ ಸೂರ್ಯಾಸ್ತ ತೋರಿಸುವೆನೆಂದು ಹಣ ಕೇಳುವವನಿದ್ದರೆ, ಆತನ ಧೈರ್ಯಕ್ಕೆ ಬಹುಮಾನ ಕೊಡಬಹುದೇ ಹೊರತು ಸೂರ್ಯನಿಗಾಗಿ ಅಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಊರು ಅದು. ಮಡಿಕೇರಿಯ ಹಾದಿಯಲ್ಲಿ “ಇವತ್ತು ಬೆಳಿಗ್ಗೆ ಮರದಿಂದ ಇಳಿಸಿದ ಜೇನು” ಎಂದು ಬಾಟಲಿ ಹಿಡಿದು ನಿಲ್ಲುತ್ತಾರೆ. ಕೊಡಗಿನ ಜೇನು ಕೀಳುವುದು ಮಳೆಗೆ ಮುಂಚೆ, ಬೇಸಗೆಯಲ್ಲಿ. ಬಿಡದೆ ಸುರಿಯುವ ಮಳೆಯಲ್ಲಿ ಜೇನುಹುಳಕ್ಕೇ ಹೊಟ್ಟೆಗೆ ಸಾಲದು. ಆ ಬಾಟಲಿಯಲ್ಲಿರುವುದು ಬೆಲ್ಲದ ಪಾಕವಿದ್ದೀತು, ಸಕ್ಕರೆಯದಿದ್ದೀತು. ಅವರು ಮಾಡಿ ತೋರಿಸುವ ನೀರಿನ ಪರೀಕ್ಷೆ, ಬೆಂಕಿಕಡ್ಡಿಯ ಪರೀಕ್ಷೆಗಳಿಂದ ಏನೂ ಸಿದ್ಧವಾಗದು. ಕಾಫಿ ಹಣ್ಣು ಕೊಯ್ಯುವ ಅನುಭವವೆಂದು ಮಳೆಗಾಲದಲ್ಲಿ ಹಣ ಕೇಳುವ ತೋಟದವರಿದ್ದರೆ, ಕೊಯ್ಲು ಚಳಿಗಾಲದ ಕೆಲಸವೆಂದು ನೆನಪಿಸಿದರೆ ಸಾಕು. ಕರಾವಳಿಯ ಊಟದ ಮನೆಯಲ್ಲಿ ಜೂನ್, ಜುಲೈನಲ್ಲಿ “ಈಗಷ್ಟೇ ನಮ್ಮ ಬೋಟಿನಿಂದ ಬಂದ ಅಂಜಲ್” ಎಂದರೂ ಯೋಚಿಸಬೇಕು. ಆ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ನಾಡದೋಣಿಯವರು ತಂದ ಅಲ್ಪಸ್ವಲ್ಪ ಬಿಟ್ಟರೆ ಬಹುಪಾಲು ಮೀನು ಪೂರ್ವ ಕರಾವಳಿ ಮೊದಲಾದ ಕಡೆಯಿಂದ ಮಂಜುಗಡ್ಡೆಯಲ್ಲಿ ಬರುತ್ತದೆ. ರುಚಿಗೆ ಕೊರತೆಯಿರಲಾರದು, ಬೆಲೆಯಲ್ಲಿ ಮಾತ್ರ ಸಮುದ್ರದ ತಾಜಾತನ ಸೇರಿರಬಾರದು.

ಜೋಗದಲ್ಲಿ “ಸಂಜೆ ನಾಲ್ಕಕ್ಕೆ ಲಿಂಗನಮಕ್ಕಿ ಗೇಟು ತೆಗೀತಾರೆ, ಒಳ್ಳೆ ಜಾಗ ತೋರಿಸ್ತೇನೆ” ಎಂಬುದು ಹಳೆಯ ಪಲ್ಲವಿ. ಜಲಾಶಯ 1819 ಅಡಿಗಳ ಪೂರ್ಣಮಟ್ಟವನ್ನು ಸಮೀಪಿಸಿದಾಗಷ್ಟೇ ಗೇಟು ತೆಗೆಯುವುದು. ಅದೂ ಕೆಳಗಿನ ಊರುಗಳಿಗೆ ಮುನ್ನೆಚ್ಚರಿಕೆ ಸಾರಿ. ಆ ಸುದ್ದಿ ಪತ್ರಿಕೆಗಳಲ್ಲಿಯೇ ಬರುತ್ತದೆ. ಗುಟ್ಟಾಗಿ ಮಾರುವುದಕ್ಕೆ ಅದರಲ್ಲಿ ಏನೂ ಇಲ್ಲ.

ಆದರೆ ಇವೆಲ್ಲಕ್ಕಿಂತ ದೊಡ್ಡ ಗಂಟು ಹೋಗುವುದು ಮನೆ ಬಿಡುವ ಮೊದಲೇ, ಅಂಗೈಯಗಲದ ಫೋನಿನೊಳಗಿಂದ. ಯಾರದೋ ತೋಟದ ಮನೆಯ ಚಿತ್ರ ಕದ್ದು, ಇಲ್ಲದ ಹೋಂಸ್ಟೇಗೆ ಮುಂಗಡ ಪಡೆಯುವವರಿದ್ದಾರೆ. ಹೋಂಸ್ಟೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ಎಂದು ಆ ಜಿಲ್ಲೆಯ ಇಲಾಖಾ ಕಚೇರಿಯಲ್ಲಿ ಕೇಳುವುದಕ್ಕೆ ಒಂದು ಫೋನು ಸಾಕು. ಮಳೆಗಾಲದಲ್ಲಿ ಇದಕ್ಕೊಂದು ಬಾಲವೂ ಸೇರುತ್ತದೆ. “ಮಳೆಯ ಕಾರಣ ನಿಮ್ಮ ರೈಲು ರದ್ದಾಗಿದೆ, ಹಣ ಹಿಂತಿರುಗಿಸಬೇಕು, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ” ಎಂದು ಇಂಪಾದ ದನಿಯೊಂದು ಕರೆಯುತ್ತದೆ. ರೈಲು ನಿಜವಾಗಿಯೇ ರದ್ದಾಗಿರಲೂಬಹುದು! ಆದರೆ ರದ್ದಾದ ರೈಲಿನ ಇ-ಟಿಕೇಟಿನ ಹಣ ಯಾರೂ ಕೇಳದೆಯೇ ಖಾತೆಗೆ ಹಿಂತಿರುಗುತ್ತದೆ; ಕೌಂಟರಿನಲ್ಲಿ ಕೊಂಡ ಟಿಕೇಟಿಗೆ ನಿಲ್ದಾಣಕ್ಕೇ ಹೋಗಬೇಕು. ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಕೊಡುವುದಕ್ಕೆ ಮಾತ್ರ ಬೇಕು. ರೈಲಿನ ವಿಚಾರ ತಿಳಿಯಲು 139 ಇದೆ.

ಹಣ ಹೋದದ್ದು ತಿಳಿದ ಕೂಡಲೆ 1930ಕ್ಕೆ ಕರೆ ಮಾಡಬೇಕು. ಕಳ್ಳನ ಖಾತೆಯಿಂದ ಹಣ ಮುಂದಕ್ಕೆ ಸಾಗುವ ಮುನ್ನ ಅದನ್ನು ಬ್ಯಾಂಕಿನವರು ತಡೆಹಿಡಿಯುವಂತೆ ಮಾಡುವುದು ಈ ಸಹಾಯವಾಣಿಯ ಕೆಲಸ. ಅವರು ಮೊದಲು ಕೇಳುವುದು ಹಣ ಹೋದ ಹೊತ್ತು, ಮೊತ್ತ ಮತ್ತು ವ್ಯವಹಾರದ ಸಂಖ್ಯೆಯನ್ನು. ಘಾಟಿಯೊಳಗೆ ಫೋನಿಗೆ ಸಿಗ್ನಲ್ ಸಿಗದ ಜಾಗಗಳೇ ಹೆಚ್ಚು. ಮುಂಗಡ ಕಳಿಸಿದ ದಿನವೇ ಆ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡು ಹೊರಟವರು, ಸಿಗ್ನಲ್ ಸಿಕ್ಕ ಮೊದಲ ತಿರುವಿನಲ್ಲಿಯೇ ದೂರು ಕೊಡಬಲ್ಲರು.