ರೋವರ್ಸ್ ಕಪ್ ಗೆದ್ದ ಬೆಂಗಳೂರಿನ ಹುಡುಗರು

ಶಿಕಾರಿಪುರ, ಸೊರಬದ ಬಯಲಲ್ಲಿ ಸಂಜೆ ಚೆಂಡು ಒದೆಯುವ ಮಕ್ಕಳೇ, ಒಂದು ಫುಟ್‌ಬಾಲ್ ತಂಡದ ಹೆಸರು ಕೇಳಿ: ಬೆಂಗಳೂರು ಮುಸ್ಲಿಮ್ಸ್.

ಮುಂಬೈಯಲ್ಲಿ ರೋವರ್ಸ್ ಕಪ್ ಫುಟ್‌ಬಾಲ್ ಪಂದ್ಯಾವಳಿ ಶುರುವಾಗಿದ್ದು 1891ರಲ್ಲಿ. ನಲವತ್ತು ವರ್ಷ ದಾಟಿದರೂ ಭಾರತೀಯರ ಒಂದು ತಂಡಕ್ಕೂ ಆ ಕಪ್ ಸಿಕ್ಕಿರಲಿಲ್ಲ. 1923ರಲ್ಲಿ ಮೋಹನ್ ಬಾಗಾನ್‌ನಂಥ ತಂಡವೇ ಫೈನಲ್‌ನಲ್ಲಿ ಬ್ರಿಟಿಷ್ ಸೈನಿಕರ ಎದುರು ಸೋತಿತ್ತು.

1937ರ ಫೈನಲ್‌ಗೆ ಬೆಂಗಳೂರು ಮುಸ್ಲಿಮ್ಸ್ ಬಂತು. ಎದುರಾಳಿ ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ ಕಲ್ಕತ್ತಾ ಲೀಗನ್ನು ಬೇರೆ ಯಾರಿಗೂ ಬಿಟ್ಟುಕೊಡದ ತಂಡ ಅದು. ಅಂಥವರನ್ನು ನಮ್ಮವರು 1-0 ಗೋಲಿನಿಂದ ಸೋಲಿಸಿದರು! ರೋವರ್ಸ್ ಕಪ್ ಎತ್ತಿದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದು. ಇದನ್ನು ಶಾಲೆಯಲ್ಲೇ ಹೇಳಿಕೊಡಬೇಕು ಅನ್ನೋದು ನನ್ನಾಸೆ.

ಅದೃಷ್ಟದ ಗೆಲುವು ಅಂದ್ಕೊಂಡ್ರಾ? 1938ರಲ್ಲೂ ಕಪ್ ಅವರದೇ. 1948ರಲ್ಲಿ ಮತ್ತೊಮ್ಮೆ!